ಮಸುಕು ಗೆರೆಯನ್ನು ಒಪ್ಪದ ವಿಜ್ಞಾನಿ: ಆರ್ನೆ ಟಿಸೇಲಿಯಸ್

ಮಕ್ಕಳೇ, ರಾಗಿಯಲ್ಲಿ ಕಲ್ಲು ಬೆರೆತಿದ್ದರೆ ಜರಡಿ ಹಿಡಿಯುತ್ತೇವೆ. ಅಕ್ಕಿಯಲ್ಲಿ ಹೊಟ್ಟಿದ್ದರೆ ಮೊರದಲ್ಲಿ ಕೇರುತ್ತೇವೆ. ಮಿಶ್ರಣಗಳನ್ನು ಬೇರ್ಪಡಿಸುವ ಈ ವಿಧಾನಗಳನ್ನು ನೀವು ಪಾಠದಲ್ಲಿ ಓದಿದ್ದೀರಿ. ಆದರೆ ರಕ್ತದಲ್ಲಿ ಕರಗಿರುವ, ಶಾಲೆಯ ಸೂಕ್ಷ್ಮದರ್ಶಕಕ್ಕೂ ಕಾಣದ ಪ್ರೋಟೀನುಗಳನ್ನು ಬೇರ್ಪಡಿಸುವುದು ಹೇಗೆ? ವಿದ್ಯುತ್ತಿನ ನೆರವಿನಿಂದ ಇದನ್ನು ಸ್ಪಷ್ಟವಾಗಿ ಮಾಡಿ ತೋರಿಸಿದವರು ಸ್ವೀಡನ್ ದೇಶದ ಆರ್ನೆ ಟಿಸೇಲಿಯಸ್.

ಟಿಸೇಲಿಯಸ್ 1902ರ ಆಗಸ್ಟ್ 10ರಂದು ಸ್ಟಾಕ್‌ಹೋಮ್‌ನಲ್ಲಿ ಜನಿಸಿದರು. 1906ರಲ್ಲಿ ತಂದೆ ತೀರಿಕೊಂಡರು. ತಾಯಿ ಸಂಸಾರವನ್ನು ಗೋಥೆನ್‌ಬರ್ಗ್ ನಗರಕ್ಕೆ ಸಾಗಿಸಿದರು. ಅಲ್ಲಿನ ಶಾಲೆಯಲ್ಲಿ ಶಿಕ್ಷಕರೊಬ್ಬರು ಈ ಬಾಲಕನ ವಿಜ್ಞಾನದ ಆಸಕ್ತಿಯನ್ನು ಗುರುತಿಸಿ ಬೆಂಬಲಿಸಿದರು. 1921ರಲ್ಲಿ ಟಿಸೇಲಿಯಸ್ ಉಪ್ಸಾಲಾ ವಿಶ್ವವಿದ್ಯಾಲಯ ಸೇರಿದರು. 1925ರಲ್ಲಿ ಅಲ್ಲಿಯೇ ಪ್ರಸಿದ್ಧ ವಿಜ್ಞಾನಿ ಸ್ವೆಡ್‌ಬರ್ಗ್ ಅವರ ಸಹಾಯಕರಾದರು.

ನೀರಿನಲ್ಲಿ ಕರಗಿದ ಪ್ರೋಟೀನು ಕಣಗಳ ಮೇಲೆ ವಿದ್ಯುದಂಶವಿರುತ್ತದೆ. ದ್ರಾವಣದಲ್ಲಿ ವಿದ್ಯುತ್ ಹರಿಸಿದರೆ ಋಣ ಅಂಶವುಳ್ಳ ಕಣಗಳು ಧನ ತುದಿಯ ಕಡೆಗೂ, ಧನ ಅಂಶವುಳ್ಳವು ಋಣ ತುದಿಯ ಕಡೆಗೂ ಚಲಿಸುತ್ತವೆ. ಎಲ್ಲವೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಓಟದ ಪಂದ್ಯದ ಮಕ್ಕಳಂತೆ ಕೆಲವು ಮುಂದೆ, ಕೆಲವು ಹಿಂದೆ. ಹೀಗೆ ಅವು ಬೇರೆಬೇರೆಯಾಗುತ್ತವೆ. ಇದೇ ಎಲೆಕ್ಟ್ರೋಫೋರೆಸಿಸ್.

1930ರಲ್ಲಿ ಟಿಸೇಲಿಯಸ್ ಈ ವಿಷಯದ ಮೇಲೆಯೇ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದರು. ಪದವಿ ಸಿಕ್ಕಿತು, ಆದರೆ ತೃಪ್ತಿ ಸಿಗಲಿಲ್ಲ. ಪ್ರೋಟೀನುಗಳ ನಡುವಿನ ಗೆರೆಗಳು ಅವರು ಬಯಸಿದಷ್ಟು ಸ್ಪಷ್ಟವಾಗಿರಲಿಲ್ಲ. ತಮ್ಮ ವಿಧಾನ ಸಾಲದು ಎಂಬುದು ಅವರಿಗೆ ತಿಳಿದಿತ್ತು. ಕೆಲವು ವರ್ಷ ಅದನ್ನು ಬದಿಗಿಟ್ಟು ಜಿಯೋಲೈಟ್ ಎಂಬ ಖನಿಜಗಳ ಅಧ್ಯಯನ ಮಾಡಿದರು. 1934ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದರು. ಅಲ್ಲಿ ಇತರ ವಿಜ್ಞಾನಿಗಳೊಂದಿಗೆ ಚರ್ಚಿಸಿದಾಗ, ಪ್ರೋಟೀನುಗಳನ್ನು ಬೇರ್ಪಡಿಸುವ ಒಳ್ಳೆಯ ವಿಧಾನ ಎಷ್ಟು ಅಗತ್ಯ ಎಂಬುದು ಅವರಿಗೆ ಮನದಟ್ಟಾಯಿತು. ಊರಿಗೆ ಮರಳಿ, ಬಿಟ್ಟಿದ್ದ ಕೆಲಸವನ್ನು ಮತ್ತೆ ಹಿಡಿದರು.

ಗೆರೆ ಮಸುಕಾಗಲು ಒಂದು ಮುಖ್ಯ ಕಾರಣ ಶಾಖ. ವಿದ್ಯುತ್ ಹರಿದಾಗ ದ್ರಾವಣ ಬಿಸಿಯಾಗುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವಂತೆ, ಇಲ್ಲಿಯೂ ದ್ರವ ಕದಡಿ ಬೇರೆಯಾದ ಪ್ರೋಟೀನುಗಳು ಮತ್ತೆ ಬೆರೆಯುತ್ತಿದ್ದವು. ಟಿಸೇಲಿಯಸ್ ಏನು ಮಾಡಿದರು? ಶಾಖ ಬೇಗ ಹೊರಹೋಗಲೆಂದು ಚಪ್ಪಟೆಯಾದ ಕೊಳವೆಗಳನ್ನು ಮಾಡಿಸಿದರು. ದ್ರಾವಣವನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿಟ್ಟರು. ಆ ಉಷ್ಣತೆಯ ಸುತ್ತಮುತ್ತ ನೀರಿನ ಸಾಂದ್ರತೆ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಕದಡುವಿಕೆ ಕಡಿಮೆಯಾಯಿತು. ಪ್ರೋಟೀನುಗಳಿಗೆ ಬಣ್ಣವಿಲ್ಲದ ಕಾರಣ, ಒಂದು ಪದರ ಮುಗಿದು ಇನ್ನೊಂದು ಶುರುವಾಗುವಲ್ಲಿ ಬೆಳಕು ಬಾಗುವುದನ್ನು ನೋಡಿ ಗಡಿಯನ್ನು ಗುರುತಿಸಿದರು.

1937ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಕುದುರೆಯ ರಕ್ತದ ಸೀರಮ್ ನಾಲ್ಕು ಭಾಗಗಳಾಗಿ ಕಾಣಿಸಿತು. ಒಂದು ಆಲ್ಬುಮಿನ್. ಉಳಿದ ಮೂರು ಗ್ಲಾಬ್ಯುಲಿನ್‌ಗಳು. ಅವುಗಳಿಗೆ ಆಲ್ಫಾ, ಬೀಟಾ, ಗಾಮಾ ಎಂದು ಹೆಸರಿಟ್ಟರು. ರೋಗಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಗಾಮಾ ಭಾಗದಲ್ಲಿವೆ ಎಂಬುದನ್ನು 1939ರಲ್ಲಿ ಎಲ್ವಿನ್ ಕಬಟ್ ಅವರೊಂದಿಗೆ ಸೇರಿ ತೋರಿಸಿದರು. 1948ರಲ್ಲಿ ಟಿಸೇಲಿಯಸ್‌ಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಮರುವರ್ಷವೇ ಈ ಉಪಕರಣದ ಮಹತ್ವ ಇನ್ನಷ್ಟು ತಿಳಿಯಿತು. ಕುಡಗೋಲು ಕಣ ರಕ್ತಹೀನತೆ ಎಂಬ ಕಾಯಿಲೆ ನಮ್ಮ ದೇಶದ ಹಲವು ಆದಿವಾಸಿ ಸಮುದಾಯಗಳಲ್ಲಿಯೂ ಇದೆ. ಇದರಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಆ ರೋಗಿಗಳ ಹೀಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿ ಚಲಿಸುವುದನ್ನು ಲೈನಸ್ ಪಾಲಿಂಗ್ ತಂಡ 1949ರಲ್ಲಿ ಕಂಡಿತು. ಕಾಯಿಲೆಯ ಮೂಲ ಒಂದು ಅಣುವಿನಲ್ಲಿದೆ ಎಂದು ಗೊತ್ತಾಯಿತು.

ಆದರೆ ಟಿಸೇಲಿಯಸ್ ಉಪಕರಣ ಕೋಣೆ ತುಂಬುವಷ್ಟು ದೊಡ್ಡದು, ದುಬಾರಿ. 1955ರಲ್ಲಿ ಆಲಿವರ್ ಸ್ಮಿಥೀಸ್ ಸುಲಭ ದಾರಿ ಕಂಡುಕೊಂಡರು. ಚಿಕ್ಕಂದಿನಲ್ಲಿ ತಾಯಿ ಅಂಗಿಗಳಿಗೆ ಹಾಕುತ್ತಿದ್ದ ಗಂಜಿ ಆರಿದಾಗ ಹೆಪ್ಪುಗಟ್ಟುತ್ತಿದ್ದುದು ಅವರಿಗೆ ನೆನಪಾಯಿತು. ಆಲೂಗಡ್ಡೆ ಪಿಷ್ಟದ ಜೆಲ್ ಮಾಡಿ ಅದರಲ್ಲೇ ಪ್ರೋಟೀನುಗಳನ್ನು ಓಡಿಸಿದರು. 1961ರಲ್ಲಿ ಟಿಸೇಲಿಯಸ್ ಅವರ ಶಿಷ್ಯ ಸ್ಟೆಲಾನ್ ಯೆರ್ಟೇನ್, ಕಡಲಕಳೆಯಿಂದ ಬರುವ ಅಗರೋಸ್ ಈ ಕೆಲಸಕ್ಕೆ ಒಗ್ಗುತ್ತದೆಂದು ತೋರಿಸಿದರು.

ಇಂದು ಡಿ.ಎನ್.ಎ. ಪರೀಕ್ಷೆಗೆ ಅಗರೋಸ್ ಜೆಲ್ ಬಳಸುತ್ತಾರೆ. ಡಿ.ಎನ್.ಎ. ಮೇಲೆ ಋಣ ವಿದ್ಯುದಂಶವಿರುವುದರಿಂದ ಅದರ ತುಣುಕುಗಳೆಲ್ಲ ಧನ ತುದಿಯ ಕಡೆಗೆ ಹೊರಡುತ್ತವೆ. ಜಾತ್ರೆಯ ಜನಜಂಗುಳಿಯಲ್ಲಿ ಪುಟ್ಟ ಮಕ್ಕಳು ನುಸುಳಿ ಮುಂದೆ ಹೋಗುವಂತೆ ಸಣ್ಣ ತುಣುಕುಗಳು ದೂರ ಸಾಗುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಬಣ್ಣ ಹಚ್ಚಿದಾಗ ಅವು ಪಟ್ಟಿಗಳಾಗಿ ಕಾಣುತ್ತವೆ. ಪಕ್ಕದಲ್ಲಿ ಅಳತೆ ಗೊತ್ತಿರುವ ತುಣುಕುಗಳನ್ನೂ ಓಡಿಸಿರುತ್ತಾರೆ. ಅದೇ ಅಳತೆಪಟ್ಟಿ. ಅದಕ್ಕೆ ಹೋಲಿಸಿ, ಯಾವ ತುಣುಕು ಎಷ್ಟು ಉದ್ದ ಎಂದು ಓದುತ್ತಾರೆ.

ಟಿಸೇಲಿಯಸ್ 1971ರ ಅಕ್ಟೋಬರ್ 29ರಂದು ನಿಧನರಾದರು. ಪದವಿ ತಂದುಕೊಟ್ಟ ಕೆಲಸದಲ್ಲಿಯೇ ಕೊರತೆ ಕಂಡು, ಏಳು ವರ್ಷಗಳ ನಂತರ ಅದನ್ನು ತಾವೇ ತಿದ್ದಿದವರು ಅವರು. ನಿಮ್ಮ ಪ್ರಯೋಗದ ಫಲಿತಾಂಶ ಮಸುಕಾಗಿ ಬಂದರೆ ಬೇಸರಿಸಬೇಡಿ, ಮುಚ್ಚಿಡಲೂ ಬೇಡಿ. ಏಕೆ ಹೀಗಾಯಿತು ಎಂದು ಕೇಳಿ, ಇನ್ನೊಮ್ಮೆ ಮಾಡಿ ನೋಡಿ.