ಮಾಸ್ತರಾದ ಮೇಲೂ ವಿದ್ಯಾರ್ಥಿ: ಕೆ.ಕೆ. ಹೆಬ್ಬಾರ್

ಫಸ್ಟ್ ಇಯರ್‌ನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಮಾಡಿದ ಎಲ್ಲರಿಗೂ ಗೊತ್ತು, ಅಲ್ಲಿ ಗೆರೆ ಅಂದ್ರೆ ನಿಯಮ. ಕಾಣುವ ಅಂಚಿಗೆ ದಪ್ಪ ಗೆರೆ, ಕಾಣದ ಅಂಚಿಗೆ ತುಂಡು ತುಂಡು ಗೆರೆ, ಅಳತೆಗೆ ತೆಳು ಗೆರೆ. ಒಂದು ಗೆರೆಗೆ ಒಂದೇ ಅರ್ಥ. ಇಂಥ ಶಿಸ್ತಿನ ಗೆರೆಯನ್ನು ಚೆನ್ನಾಗಿ ಕಲಿತು, ಬೇರೆಯವರಿಗೂ ಕಲಿಸಿ, ಆಮೇಲೆ ಅದೇ ಗೆರೆಯನ್ನು ಕುಣಿಸೋಕೆ ಹೊರಟ ಒಬ್ಬ ಚಿತ್ರಕಾರರ ಕಥೆ ಇದು.

ಕೆ.ಕೆ. ಹೆಬ್ಬಾರ್ ಅಂದ್ರೆ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ಮೊದಲನೇ 'ಕೆ' ಅವರ ಊರಿನ ಹೆಸರು. ಉಡುಪಿ ಹತ್ತಿರದ ಈ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು. ಮನೆಮಾತು ತುಳು. ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡ್ತಿದ್ರು. ಊರ ಸುತ್ತ ಯಕ್ಷಗಾನ, ಭೂತಕೋಲ, ಕಂಬಳ. ಕಲೆ ಅನ್ನೋದು ಗೋಡೆ ಮೇಲೆ ಚೌಕಟ್ಟು ಹಾಕಿ ಇಡುವ ವಸ್ತು ಅಂತ ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕಲಘಟಗಿ ಕಡೆಯವರಿಗೆ ಇದು ಲಗೂನ ತಿಳೀತದ. ನಮ್ಮೂರ ಬಣ್ಣದ ತೊಟ್ಟಿಲ ಮೇಲೆ ರಾಮಾಯಣದ ಕಥೆ, ಕೃಷ್ಣನ ಆಟ ಎಲ್ಲಾ ಬರೆದಿರ್ತಾರೆ, ಆದ್ರೆ ಅದರೊಳಗೆ ಕೂಸು ಮಲಗತೈತಿ. ಕಲೆ ಅಲ್ಲಿ ದಿನದ ಬಾಳಿನ ಒಂದು ಭಾಗ. ಹೆಬ್ಬಾರರ ಬಾಲ್ಯದ ಕಲೆಯೂ ಹಾಗೇ ಇತ್ತು.

ಕಲಿಯೋ ಹಂಬಲದಿಂದ ಅವರು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಹೋದರು. ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಮುಂಬೈಗೆ ಬಂದು, ಕನ್ನಡಿಗರೇ ಆದ ದಂಡಾವತಿಮಠ ಅವರ ನೂತನ ಕಲಾ ಮಂದಿರದಲ್ಲಿ ಕಲಿತರು. ಮುಂದೆ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಿಂದ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ ಅದೇ ಸ್ಕೂಲಿನಲ್ಲಿ ಮಾಸ್ತರಾದರು.

ಆಗಿನ ಜೆ.ಜೆ. ಸ್ಕೂಲಿನ ಪಾಠ ಬ್ರಿಟಿಷರು ಹಾಕಿಕೊಟ್ಟ ದಾರಿಯದ್ದು. ಮುಂದೆ ಕೂತ ಮನುಷ್ಯನನ್ನು ಇದ್ದ ಹಾಗೇ ಬರೀಬೇಕು. ನೆರಳು, ಬೆಳಕು, ಅಳತೆ ಎಲ್ಲಾ ಕರೆಕ್ಟ್ ಇರಬೇಕು. ಹೆಬ್ಬಾರರ ಕೈ ಇದರಲ್ಲಿ ಪಳಗಿತ್ತು. ತೊಂದರೆ ಶುರುವಾಗಿದ್ದೂ ಅಲ್ಲೇ. ಚಿತ್ರದಲ್ಲಿ ತಪ್ಪಿರಲಿಲ್ಲ, ಆದ್ರೆ ಅದು ತಮ್ಮದು ಅಂತ ಅವರಿಗೆ ಅನ್ನಿಸಲಿಲ್ಲ. ತಪ್ಪು ಇದ್ರೆ ತಿದ್ದಬಹುದು. ಎಲ್ಲಾ ಸರಿ ಇದ್ದೂ ಏನೋ ಇಲ್ಲ ಅನ್ನಿಸಿದರೆ ಏನು ಮಾಡೋದು?

ಅದೇ ಕಾಲದಲ್ಲಿ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಅವರ ಮನಸ್ಸಿಗೆ ನಾಟಿದವು. ಶೇರ್‌ಗಿಲ್ ಪ್ಯಾರಿಸ್‌ನಲ್ಲಿ ಕಲಿತವರು, ಆದರೂ ಭಾರತದ ಹಳ್ಳಿ ಜನರನ್ನು ಭಾರತದ್ದೇ ಬಣ್ಣದಲ್ಲಿ ಬರೆದವರು. ಫ್ರಾನ್ಸಿನ ಗೋಗ್ಯಾನ್ ಬಳಸಿದ ಗಾಢ ಬಣ್ಣಗಳೂ ಹೆಬ್ಬಾರರನ್ನು ಸೆಳೆದವು. ಹಳೆಯ ಜೈನ ಹಸ್ತಪ್ರತಿಗಳ ಚಿತ್ರ, ಅಜಂತಾದ ಗೋಡೆ ಇವನ್ನೆಲ್ಲ ಅವರು ಹೊಸದಾಗಿ ನೋಡತೊಡಗಿದರು. ಕೇರಳ ಸುತ್ತಿ ಬಂದು ಅಲ್ಲಿನ ಕೆಂಪು ಮಣ್ಣು, ಹಸಿರು, ಮನೆ, ಹೆಂಗಸರನ್ನು ಬರೆದರು. 1946ರ 'ಸನ್ನಿ ಸೌತ್' ಈ ಹೊತ್ತಿನ ಚಿತ್ರ.

ಇಷ್ಟರಲ್ಲಿ ಅವರು ಒಂದು ದೊಡ್ಡ ಹೆಜ್ಜೆ ಇಟ್ಟಾಗಿತ್ತು. 1945ರಲ್ಲಿ ಜೆ.ಜೆ. ಸ್ಕೂಲಿನ ಮಾಸ್ತರಿಕೆ ಬಿಟ್ಟರು. ತಿಂಗಳ ಸಂಬಳ, ಹೆಸರಿದ್ದ ಸಂಸ್ಥೆ, ಎರಡೂ ಹೋಯ್ತು. ಪ್ಲೇಸ್‌ಮೆಂಟ್ ಸೀಸನ್ ಅಂದ್ರೆ ನಿದ್ದೆ ಕೆಡುವ ನಮಗೆ ಇದರ ತೂಕ ಗೊತ್ತಾಗ್ತದೆ. ಚಿತ್ರ ಮಾರಿ ಬದುಕೋದು ಆ ಕಾಲದಲ್ಲಿ ಯಾರಿಗೂ ಖಾತ್ರಿಯ ದಾರಿ ಆಗಿರಲಿಲ್ಲ. 1947ರಲ್ಲಿ ಮುಂಬೈಯಲ್ಲಿ ಸೂಜಾ, ರಜಾ, ಹುಸೇನ್ ಮುಂತಾದವರು ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಹೆಬ್ಬಾರರು ಆ ಗುಂಪಿಗೂ ಸೇರಲಿಲ್ಲ. ತಮ್ಮ ದಾರಿಯಲ್ಲಿ ಒಬ್ಬರೇ ನಡೆದರು.

ನನಗೆ ಬಹಳ ಹಿಡಿಸಿದ್ದು ಆಮೇಲಿನ ಭಾಗ. 1949ರಲ್ಲಿ, ಮೂವತ್ತೆಂಟನೇ ವಯಸ್ಸಿಗೆ, ಹೆಬ್ಬಾರರು ಮತ್ತೆ ವಿದ್ಯಾರ್ಥಿ ಆದರು. ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್‌ನಲ್ಲಿ ಚಿತ್ರಕಲೆ ಕಲಿತರು, ಜೊತೆಗೆ ಅಲ್ಲೇ ಇನ್ನೊಂದು ಶಾಲೆಯಲ್ಲಿ ಲೋಹದ ಹಲಗೆ ಕೊರೆದು ಅಚ್ಚು ತೆಗೆಯುವ ವಿದ್ಯೆಯನ್ನೂ ಕಲಿತರು. ಐದು ವರ್ಷ ಬೇರೆಯವರ ಹಾಳೆ ತಿದ್ದಿದ ಮಾಸ್ತರು, ತಮ್ಮ ಹಾಳೆಯನ್ನು ಇನ್ನೊಬ್ಬರ ಮುಂದೆ ಇಡೋದು ಸಣ್ಣ ಮಾತಲ್ಲ.

ಅಷ್ಟಕ್ಕೂ ನಿಲ್ಲಲಿಲ್ಲ. ಪಂಡಿತ್ ಸುಂದರ ಪ್ರಸಾದ್ ಅವರ ಹತ್ತಿರ ಕಥಕ್ ನೃತ್ಯ ಕಲಿತರು. ವೇದಿಕೆ ಮೇಲೆ ಕುಣಿಯುವ ಆಸೆಯಿಂದ ಅಲ್ಲ. ಲಯ ಅನ್ನೋದು ಮೈಯೊಳಗೆ ಹೇಗೆ ಹರೀತದೆ ಅಂತ ತಿಳೀಬೇಕಿತ್ತು. ಕಣ್ಣಿಂದ ನೋಡಿ ಕುಣಿಯುವವರ ಚಿತ್ರ ಬರೆಯೋದು ಒಂದು. ಕಾಲು ಯಾವ ಹೊತ್ತಿಗೆ ನೆಲಕ್ಕೆ ಬೀಳ್ತದೆ, ಭಾರ ಯಾವ ಕಡೆ ವಾಲ್ತದೆ, ತಿರುಗಿ ನಿಂತಾಗ ಮೈ ಎಲ್ಲಿ ಬಿಗೀತದೆ ಅಂತ ತಾನೇ ಅನುಭವಿಸಿ ಬರೆಯೋದು ಇನ್ನೊಂದು. ಥಿಯರಿ ಓದೋದಕ್ಕೂ ಲ್ಯಾಬ್‌ನಲ್ಲಿ ಕೈ ಹಚ್ಚೋದಕ್ಕೂ ಇರುವ ಫರಕು ಇದೇ ಅಲ್ವಾ?

ಇದರ ಫಲ ಅವರ ರೇಖಾಚಿತ್ರಗಳಲ್ಲಿ ಕಾಣ್ತದೆ. ನೆರಳಿಲ್ಲ, ಬಣ್ಣವಿಲ್ಲ, ಬರೀ ಗೆರೆ. ಕೆಲವೇ ಗೆರೆಗಳಲ್ಲಿ ನರ್ತಕಿ ತಿರುಗ್ತಾಳೆ, ವಾದ್ಯ ನುಡಿಸುವವನ ತೋಳು ಅಲುಗ್ತದೆ. 1964ರಲ್ಲಿ ಬಂದ ಇಂಥ ಚಿತ್ರಗಳ ಪುಸ್ತಕದ ಹೆಸರು 'ದಿ ಸಿಂಗಿಂಗ್ ಲೈನ್', ಅಂದ್ರೆ ಹಾಡುವ ಗೆರೆ. ಹಾಗಂತ ಅವರು ಬರೀ ಸಂಭ್ರಮ ಬರೆದವರಲ್ಲ. 'ಹಂಗ್ರಿ ಸೋಲ್' ಚಿತ್ರದಲ್ಲಿ ಹಸಿವನ್ನು ಬರೆದರು, ಬೇರೆ ಚಿತ್ರಗಳಲ್ಲಿ ದುಡಿಯುವ ಜನರನ್ನು ಬರೆದರು. ಅವರ ಮಗಳು ರೇಖಾ ರಾವ್ ಕೂಡ ಹೆಸರಾಂತ ಚಿತ್ರಕಲಾವಿದೆ. ಹೆಸರಲ್ಲೇ ಗೆರೆ ಇದೆ ನೋಡ್ರಿ!

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ಮುಂಬೈಯಲ್ಲಿ ತೀರಿಕೊಂಡರು. ನಾವ್ಯಾರೂ ಆಗ ಹುಟ್ಟಿರಲೇ ಇಲ್ಲ.

ಸರಿ ಉತ್ತರ ಬರೆದ್ರೆ ಮಾರ್ಕ್ಸ್ ಸಿಗ್ತದೆ ಅಂತ ನಮಗೆ ಸಣ್ಣವರಿದ್ದಾಗಿನಿಂದ ಗೊತ್ತು. ಸರಿ ಉತ್ತರ ಬಂದ ಮೇಲೂ ಕಲಿಯೋದು ಉಳಿದಿರ್ತದೆ ಅನ್ನೋದನ್ನ ಹೆಬ್ಬಾರರು ಬದುಕಿ ತೋರಿಸಿದರು. ಎಲ್ಲರೂ ನೌಕರಿ ಬಿಡಬೇಕು ಅಂತಲ್ಲ. ಆದ್ರೆ ಡಿಗ್ರಿ, ನೌಕರಿ ಎಲ್ಲಾ ಆದ ಮೇಲೆ ಮತ್ತೊಮ್ಮೆ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುವ ಧೈರ್ಯ ನಮಗೆ ಇರ್ತದಾ?

ಅವರು ಕೊಟ್ಟ ಚಿತ್ರಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಯಲ್ಲಿ ಇವೆ; ಮಣಿಪಾಲದಲ್ಲೂ ಅವರ ಹೆಸರಿನ ಗ್ಯಾಲರಿ ಇದೆ. ಇಂಟರ್ನ್‌ಶಿಪ್‌ಗೋ ಫೆಸ್ಟ್‌ಗೋ ಆ ಕಡೆ ಹೋದಾಗ ಒಂದು ತಾಸು ಬಿಡುವು ಮಾಡಿಕೊಳ್ರಿ. ಒಂದೇ ಒಂದು ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗೀತದೆ ಅಂತ ಕಣ್ಣಿಂದ ಹಿಡಿದು ಹೋಗ್ರಿ. ನಮ್ಮ ಡ್ರಾಫ್ಟರ್ ಎಂದೂ ಹೋಗದ ಕಡೆ ಅದು ಹೋಗಿರ್ತದೆ.