ಯುದ್ಧಭೂಮಿಯ ಚಿತ್ರಕಾರ ರಾಬರ್ಟ್ ಹೋಮ್

ವಿದ್ಯಾರ್ಥಿ ಮಿತ್ರರೇ, ಟೀಪು ಸುಲ್ತಾನನ ಇತಿಹಾಸವನ್ನು ಓದುವಾಗ ನಂದಿದುರ್ಗ, ಸಾವನದುರ್ಗ, ಬೆಂಗಳೂರು ಕೋಟೆಗಳ ಹಳೆಯ ಅಚ್ಚಿನ ಚಿತ್ರಗಳನ್ನು ನಾವು ನೋಡುತ್ತೇವೆ. ಛಾಯಾಚಿತ್ರವಿಲ್ಲದ ಆ ಕಾಲದಲ್ಲಿ ಸೈನ್ಯದೊಡನೆ ಸಂಚರಿಸಿ ಇಂಥ ಚಿತ್ರಗಳನ್ನು ಬರೆದವರಲ್ಲಿ ರಾಬರ್ಟ್ ಹೋಮ್ ಪ್ರಸಿದ್ಧನು.

ಹೋಮ್ 1752ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಸೈನ್ಯದ ವೈದ್ಯರೊಬ್ಬರ ಮಗನಾಗಿ ಜನಿಸಿದನು. ಆಂಜೆಲಿಕಾ ಕೌಫ್‌ಮನ್ ಎಂಬ ಖ್ಯಾತ ಕಲಾವಿದೆಯ ಬಳಿ ಕಲಿತು, ಇಟಲಿಗೂ ಹೋಗಿ ಅಭ್ಯಾಸ ಮಾಡಿದನು. 1780ರ ದಶಕದಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹಲವು ವರ್ಷವಿದ್ದು ಗಣ್ಯರ ಭಾವಚಿತ್ರ ಬರೆದು ಹೆಸರು ಪಡೆದನು. ಆ ನಗರದಲ್ಲಿ ಆಗ ರಾಜಕೀಯ ಕಳವಳ ಹೆಚ್ಚಿತ್ತು. 1779ರಲ್ಲಿ ಸಶಸ್ತ್ರ ಸ್ವಯಂಸೇವಕರು ಅಲ್ಲಿನ ಬೀದಿಯಲ್ಲಿ ನೆರೆದ ದೃಶ್ಯವನ್ನು ಫ್ರಾನ್ಸಿಸ್ ವೀಟ್ಲಿ ಎಂಬ ಕಲಾವಿದ ಬರೆದಿದ್ದನು. ಅದರ ಅಚ್ಚುಗಳೂ ಹೊರಬಂದವು.

1791ರ ಆರಂಭದಲ್ಲಿ ಹೋಮ್ ಮದರಾಸಿಗೆ ಬಂದನು. ಆಗ ಮೂರನೆಯ ಮೈಸೂರು ಯುದ್ಧ ನಡೆದಿತ್ತು. ಕಾರ್ನ್‌ವಾಲಿಸನಿಗೆ ಮರಾಠರೂ ನಿಜಾಮರೂ ಜೊತೆಯಾಗಿದ್ದರು. ನಮ್ಮ ನ್ಯಾಲ್ಕಲ್, ಜಹೀರಾಬಾದ್ ಸೀಮೆಯೂ ಅಂದು ನಿಜಾಮರ ಆಳ್ವಿಕೆಗೆ ಸೇರಿದ್ದುದರಿಂದ ಇದು ನಮಗೂ ಸಂಬಂಧಿಸಿದ ಕಥೆಯೇ. ಮಾರ್ಚ್ 7ರಂದು ಬೆಂಗಳೂರು ಪೇಟೆ, 21ರಂದು ಕೋಟೆ ಇಂಗ್ಲಿಷರ ವಶವಾದವು. ಪೇಟೆ ಸೂರೆಹೋಯಿತು. ಅದೇ ವರ್ಷ ನಂದಿದುರ್ಗ, ಸಾವನದುರ್ಗಗಳೂ ಬಿದ್ದವು. ಹೋಮ್ ಸೈನ್ಯದ ಜೊತೆ ಸಂಚರಿಸಿ, ಕಂಡ ಕೋಟೆ, ಬೆಟ್ಟ, ಬೀದಿಗಳನ್ನು ಕಾಗದಕ್ಕಿಳಿಸಿದನು.

1794ರಲ್ಲಿ ಅವನ ಮೈಸೂರು ಸೀಮೆಯ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟವಾದವು. ಅಂದು ಅಚ್ಚು ಮಾಡುವ ಕ್ರಮ ಬಹಳ ಶ್ರಮದ್ದು. ನುರಿತ ಕೆತ್ತನೆಗಾರರು ಚಿತ್ರವನ್ನು ತಾಮ್ರದ ತಗಡಿನ ಮೇಲೆ ಗೆರೆಗೆರೆಯಾಗಿ ಕೊರೆಯುತ್ತಿದ್ದರು. ಕೊರೆದ ಗೆರೆಗಳಲ್ಲಿ ಮಸಿ ತುಂಬಿ, ತಗಡಿನ ಮೈಯನ್ನು ಒರೆಸಿ, ತೇವದ ಕಾಗದವನ್ನಿಟ್ಟು ಬಲವಾಗಿ ಒತ್ತಿದರೆ ಚಿತ್ರ ಮೂಡುತ್ತಿತ್ತು.

ಬೆಂಗಳೂರಿನ ಅರಮನೆಗೆ ಹೋಗುವ ಬೀದಿಯ ಚಿತ್ರವೂ ಆ ಪುಸ್ತಕದಲ್ಲಿದೆ. ಇಂದು ಉಳಿದಿರದ ಎಷ್ಟೋ ಕಟ್ಟಡಗಳನ್ನು ನಾವು ಕಾಣಲು ಇಂಥ ಚಿತ್ರಗಳೇ ಆಧಾರ. ಈ ಉಪಕಾರವನ್ನು ನಾವು ಮರೆಯಬಾರದು. ಆದರೆ ಹೋಮ್ ಗೆದ್ದವರ ಪಾಳೆಯದಲ್ಲಿ ನಿಂತು, ಅವರ ದೇಶದ ಓದುಗರಿಗಾಗಿ ಬರೆದವನು ಎಂಬುದನ್ನೂ ನೆನಪಿಡಬೇಕು. ಮಗ್ಗ ಕಳೆದುಕೊಂಡ ನೇಕಾರ, ಅಂಗಡಿ ಸೂರೆಹೋದ ವರ್ತಕ, ಮಕ್ಕಳನ್ನೆತ್ತಿಕೊಂಡು ಊರು ಬಿಟ್ಟ ತಾಯಿ, ಇವರ ಸಂಕಟವನ್ನು ಆ ಪುಸ್ತಕ ಹೇಳುವುದಿಲ್ಲ.

1792ರ ಒಪ್ಪಂದದಂತೆ ಟೀಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು. ಕಾರ್ನ್‌ವಾಲಿಸ್ ಆ ಮಕ್ಕಳನ್ನು ಬರಮಾಡಿಕೊಳ್ಳುವ ದೃಶ್ಯವನ್ನು ಹೋಮ್ ದೊಡ್ಡ ವರ್ಣಚಿತ್ರವಾಗಿ ರಚಿಸಿ, ಅದರ ಅಂಚಿನಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಾನೆ. ತಾನೂ ಒಂದು ಪಕ್ಷದವನೆಂದು ಚಿತ್ರಕಾರನೇ ತೋರಿಸಿಕೊಟ್ಟಂತಾಗಿದೆ.

ಮುಂದೆ ಹೋಮ್ ಕಲ್ಕತ್ತೆಯಲ್ಲಿ ಕೆಲವು ಕಾಲವಿದ್ದು, 1814ರಿಂದ ಲಕ್ನೋ ನಗರದಲ್ಲಿ ಗಾಜಿಉದ್ದೀನ್ ಹೈದರನ ಆಸ್ಥಾನ ಚಿತ್ರಕಾರನಾದನು. ಇಳಿವಯಸ್ಸಿನಲ್ಲಿ ಕಾನ್ಪುರದಲ್ಲಿ ನೆಲೆಸಿ 1834ರಲ್ಲಿ ಅಲ್ಲಿಯೇ ತೀರಿಕೊಂಡನು.

ಮಕ್ಕಳೇ, ಹಳೆಯ ಚಿತ್ರವೊಂದು ಕಣ್ಣಿಗೆ ಬಿದ್ದಾಗ ಅದರ ಅಂದವನ್ನು ಮೆಚ್ಚಿರಿ. ಜೊತೆಗೆ ಬರೆದವನು ಎಲ್ಲಿ ನಿಂತಿದ್ದನು, ಯಾರಿಗಾಗಿ ಬರೆದನು, ಯಾರನ್ನು ಬಿಟ್ಟನು ಎಂದೂ ಕೇಳಿರಿ. ಇತಿಹಾಸದ ಅಭ್ಯಾಸ ಅಲ್ಲಿಂದಲೇ ಆರಂಭವಾಗುತ್ತದೆ ಎಂದು ನಾವು ನಂಬಿದ್ದೇವೆ.