ನೆರಡಿಯ ಮರ್ಮವನ್ನರಿತ ಸಣ್ಣ ಊರಿನ ವೈದ್ಯ: ರಾಬರ್ಟ್ ಕಾಖ್

ಊರು ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆ ನಿಂತ ನಮ್ಮಲ್ಲಿ ಅನೇಕರು ಒಕ್ಕಲು ಮನೆತನಗಳಿಂದ ಬಂದವರು. ನೆರಡಿ ಎಂಬ ಹೆಸರು ನಮಗೆ ಹೊಸದಲ್ಲ. ಸಂಜೆ ಮೇವು ತಿಂದು ಮಲಗಿದ ಎತ್ತು ಬೆಳಗಾಗುವಷ್ಟರಲ್ಲಿ ಹೊಟ್ಟೆಯುಬ್ಬಿ ಸತ್ತಿರುತ್ತದೆ. ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿರುತ್ತದೆ. ಇಂಗ್ಲಿಷಿನಲ್ಲಿ ಆಂಥ್ರಾಕ್ಸ್ ಎಂದು ಕರೆಯಲ್ಪಡುವ ಈ ಬೇನೆ ಹೇಗೆ ಬರುತ್ತದೆ, ಒಮ್ಮೆ ಬಂದ ಹೊಲಕ್ಕೆ ವರ್ಷಗಳ ನಂತರವೂ ಮತ್ತೆ ಏಕೆ ಬರುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಜರ್ಮನಿಯ ರಾಬರ್ಟ್ ಕಾಖ್. ಕ್ಷಯರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದವರೆಂದು ಶಾಲೆಯ ಪುಸ್ತಕಗಳಲ್ಲಿ ಅವರ ಹೆಸರನ್ನು ನಾವು ಓದಿದ್ದೇವೆ. ಅವರ ಬದುಕಿನ ಬಹುಭಾಗ ಕುರಿ, ದನ, ಇಲಿಗಳ ರೋಗಗಳೊಡನೆ ಕಳೆಯಿತೆಂಬುದು ಅಷ್ಟಾಗಿ ತಿಳಿದಿಲ್ಲ.

ಕಾಖ್ ಜನಿಸಿದ್ದು 1843ರ ಡಿಸೆಂಬರ್ 11ರಂದು, ಹಾರ್ಟ್ಸ್ ಬೆಟ್ಟಗಳ ನಡುವಿನ ಕ್ಲೌಸ್ತಾಲ್ ಎಂಬ ಗಣಿಯೂರಿನಲ್ಲಿ. ತಂದೆ ಗಣಿ ಇಲಾಖೆಯ ಅಧಿಕಾರಿ. ಮನೆ ತುಂಬ ಮಕ್ಕಳು. ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಯಾಕೊಬ್ ಹೆನ್ಲೆಯವರಂಥ ಗುರುಗಳ ಬಳಿ ಕಲಿತು 1866ರಲ್ಲಿ ವೈದ್ಯ ಪದವಿ ಪಡೆದರು. ದೂರದೇಶಗಳನ್ನು ಸುತ್ತಬೇಕೆಂಬ ಹಂಬಲವಿದ್ದರೂ ಮರುವರ್ಷವೇ ಎಮ್ಮಿ ಫ್ರಾಟ್ಸ್‌ರನ್ನು ಮದುವೆಯಾಗಿ ಸಂಸಾರಸ್ಥರಾದರು. ಫ್ರಾನ್ಸ್‌ನೊಡನೆ ನಡೆದ ಯುದ್ಧದಲ್ಲಿ ವೈದ್ಯಸೇವೆ ಸಲ್ಲಿಸಿ ಬಂದ ಮೇಲೆ 1872ರಲ್ಲಿ ವೋಲ್‌ಸ್ಟೈನ್ ಎಂಬ ಪುಟ್ಟ ಊರಿಗೆ ಜಿಲ್ಲಾ ವೈದ್ಯಾಧಿಕಾರಿಯಾಗಿ ನೇಮಕಗೊಂಡರು. ಆ ಊರು ಇಂದು ಪೋಲೆಂಡಿನಲ್ಲಿದೆ.

ವೋಲ್‌ಸ್ಟೈನಿನ ಸುತ್ತಲೂ ಕುರಿ ಸಾಕುವವರ ಹಳ್ಳಿಗಳು. ವರ್ಷ ವರ್ಷವೂ ನೆರಡಿಯಿಂದ ಕುರಿಗಳು ಸಾಯುತ್ತಿದ್ದವು. ಅವುಗಳ ತೊಗಲು, ಉಣ್ಣೆ ಮುಟ್ಟಿದ ಜನರೂ ಸಾಯುವುದಿತ್ತು. ಕಾಖ್‌ರಲ್ಲಿ ಇದ್ದದ್ದು ಪತ್ನಿ ಹುಟ್ಟುಹಬ್ಬಕ್ಕೆ ಕಾಣಿಕೆಯಾಗಿ ಕೊಟ್ಟರೆಂದು ಹೇಳಲಾಗುವ ಒಂದು ಸೂಕ್ಷ್ಮದರ್ಶಕ ಮಾತ್ರ. ರೋಗಿಗಳನ್ನು ನೋಡುವ ಕೋಣೆಗೆ ಒಂದು ಪರದೆ ಎಳೆದು ಅದರ ಹಿಂಬದಿಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಸಹಾಯಕರಿಲ್ಲ, ಗ್ರಂಥಾಲಯವಿಲ್ಲ, ಸರಕಾರದ ಅನುದಾನವಂತೂ ಇಲ್ಲ.

ನೆರಡಿಯಿಂದ ಸತ್ತ ಪ್ರಾಣಿಯ ರಕ್ತದಲ್ಲಿ ಸಣ್ಣ ಕಡ್ಡಿಗಳಂಥ ಜೀವಿಗಳಿರುವುದನ್ನು ಫ್ರಾನ್ಸಿನ ದವೆನ್ ಮೊದಲಾದವರು ಆಗಲೇ ಕಂಡಿದ್ದರು. ಆದರೆ ವಿದ್ವಾಂಸರನ್ನು ಒಂದು ಸಂದೇಹ ಕಾಡುತ್ತಿತ್ತು. ಈ ಕಡ್ಡಿಗಳು ಹೊರಗೆ ಕೆಲವೇ ದಿನಗಳಲ್ಲಿ ನಾಶವಾಗುತ್ತವೆ. ಹಾಗಿದ್ದೂ ರೋಗವು ಹುಲ್ಲುಗಾವಲಿನಲ್ಲಿ ವರ್ಷಗಟ್ಟಲೆ ಉಳಿಯುವುದು ಹೇಗೆ? ಕಡ್ಡಿಗಳೇ ಕಾಣದ ಒಣ ರಕ್ತವೂ ಕೆಲವೊಮ್ಮೆ ರೋಗ ತರುವುದೇಕೆ?

ಕಾಖ್ ಸೂಕ್ಷ್ಮವಾದ ಮರದ ಸಿಬಿರಿಗೆ ರೋಗದ ರಕ್ತ ಹಚ್ಚಿ ಇಲಿಯ ಬಾಲದ ಬುಡದಲ್ಲಿ ಚುಚ್ಚಿದರು. ಇಲಿ ಸತ್ತಿತು. ಅದರ ಗುಲ್ಮದಿಂದ ಮತ್ತೊಂದು ಇಲಿಗೆ, ಅದರಿಂದ ಮಗದೊಂದಕ್ಕೆ ಸಾಲಾಗಿ ದಾಟಿಸಿದರು. ಪ್ರತಿಯೊಂದರಲ್ಲಿಯೂ ಅದೇ ಕಡ್ಡಿಗಳು ಕಾಣಿಸಿದವು. ಅನಂತರ ಎತ್ತಿನ ಕಣ್ಣಿನ ಒಳಗಿನ ತಿಳಿನೀರಿನ ಒಂದು ಹನಿಯಲ್ಲಿ ಗುಲ್ಮದ ಕಣವೊಂದನ್ನಿಟ್ಟು, ಪ್ರಾಣಿಯ ಮೈಬಿಸಿಯಷ್ಟೇ ಕಾವು ಕೊಟ್ಟು ಗಂಟೆಗಟ್ಟಲೆ ನೋಡುತ್ತ ಕುಳಿತರು. ಕಡ್ಡಿಗಳು ಉದ್ದವಾಗಿ ಬೆಳೆದು ಸಿಕ್ಕುಬಿದ್ದ ನೂಲಿನಂತಾದವು. ಆಮೇಲೆ ಆ ನೂಲಿನೊಳಗೆ ಹೊಳೆಯುವ ಚಿಕ್ಕ ಮಣಿಗಳು ಮೂಡಿದವು. ಅವೇ ಬೀಜಾಣುಗಳು. ಒಣಗಿಸಿದರೂ ಅವು ಸಾಯಲಿಲ್ಲ. ಹೊಸ ದ್ರವದಲ್ಲಿಟ್ಟಾಗ ಮತ್ತೆ ಕಡ್ಡಿಗಳಾಗಿ ಮೊಳೆತವು. ಹುಲ್ಲುಗಾವಲಿನ ಒಗಟು ಅಲ್ಲಿಗೆ ಬಿಡಿಸಿತು.

1876ರ ಏಪ್ರಿಲ್ 30ರಂದು ಕಾಖ್ ತಮ್ಮ ಸೂಕ್ಷ್ಮದರ್ಶಕ, ಇಲಿಗಳೊಡನೆ ಬ್ರೆಸ್ಲಾವ್ ನಗರಕ್ಕೆ ಹೋಗಿ ಸಸ್ಯವಿಜ್ಞಾನಿ ಫರ್ಡಿನೆಂಡ್ ಕೋನ್ ಅವರ ಸಂಸ್ಥೆಯಲ್ಲಿ ಮೂರು ದಿನ ಎಲ್ಲವನ್ನೂ ಮಾಡಿ ತೋರಿಸಿದರು. ಹೆಸರಿಲ್ಲದ ವೈದ್ಯನೊಬ್ಬನ ಮಾತನ್ನು ಗಂಭೀರವಾಗಿ ಪರಿಗಣಿಸಿದ ಕೋನ್ ಅವರ ದೊಡ್ಡತನವನ್ನೂ ನಾವು ಇಲ್ಲಿ ನೆನೆಯಬೇಕು. ಅವರು ಅದೇ ವರ್ಷ ತಮ್ಮ ಪತ್ರಿಕೆಯಲ್ಲಿ ಆ ಲೇಖನವನ್ನು ಪ್ರಕಟಿಸಿದರು. ನೆರಡಿಯಿಂದ ಸತ್ತ ದನವನ್ನು ಕೊಯ್ಯಬಾರದು, ತೊಗಲು ಸುಲಿಯಬಾರದು, ಸುಡಬೇಕು ಇಲ್ಲವೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು ಎಂದು ಇಂದಿಗೂ ಪಶುವೈದ್ಯರು ಹೇಳುವುದು ಈ ಬೀಜಾಣುಗಳ ಕಾರಣದಿಂದಲೇ. ಗಾಳಿಗೆ ತೆರೆದ ರಕ್ತದಲ್ಲಿ ಅವು ಉಂಟಾಗುತ್ತವೆ. 2016ರಲ್ಲಿ ಸೈಬೀರಿಯಾದ ಯಮಾಲ್ ಪ್ರದೇಶದಲ್ಲಿ ಬಿಸಿಲಿಗೆ ಹಿಮನೆಲ ಕರಗಿದಾಗ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ನೆರಡಿಯಿಂದ ಸತ್ತವು. ನಮ್ಮ ನೆರೆಯ ಕೇರಳದ ಅದಿರಪಳ್ಳಿ ಕಾಡಿನಲ್ಲಿ 2022ರಲ್ಲಿ ಕಾಡುಹಂದಿಗಳು ಸತ್ತದ್ದಕ್ಕೂ ಇದೇ ಕಾರಣ.

ಮುಂದಿನ ಏಳಿಗೆಯ ಕಥೆ ಎಲ್ಲರೂ ಬಲ್ಲದ್ದು. 1880ರಲ್ಲಿ ಬರ್ಲಿನ್ನಿನ ಸಾಮ್ರಾಜ್ಯ ಆರೋಗ್ಯ ಕಚೇರಿಗೆ ಕರೆ ಬಂದಿತು. ಸೂಕ್ಷ್ಮಾಣುಗಳನ್ನು ಒಂದರಿಂದೊಂದು ಬೇರ್ಪಡಿಸಿ ಗಟ್ಟಿ ಆಹಾರದ ಮೇಲೆ ಬೆಳೆಸುವ ವಿಧಾನ ಅಲ್ಲಿ ರೂಪುಗೊಂಡಿತು. ಅದಕ್ಕೆ ಅಗರ್ ಬಳಸುವ ಸಲಹೆ ಕೊಟ್ಟವರು ಸಹೋದ್ಯೋಗಿಯ ಪತ್ನಿ ಫ್ಯಾನಿ ಹೆಸ್ಸೆ. ನಮ್ಮ ಅಡುಗೆಮನೆಗಳಲ್ಲಿ ಚೈನಾಗ್ರಾಸ್ ಎಂಬ ಹೆಸರಿನಿಂದ ಸಿಹಿತಿನಿಸಿಗೆ ಬಳಸುವ ವಸ್ತುವೇ ಅದು! 1882ರ ಮಾರ್ಚ್ 24ರಂದು ಕ್ಷಯದ ಸೂಕ್ಷ್ಮಾಣುವನ್ನು ಪ್ರಕಟಿಸಿದರು. 1883-84ರಲ್ಲಿ ಈಜಿಪ್ಟಿನ ಮೂಲಕ ಕಲ್ಕತ್ತೆಗೆ ಬಂದು ಕಾಲರಾದ ಕಾರಣವನ್ನು ಗುರುತಿಸಿದರು. 1890ರಲ್ಲಿ ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯಕ್ಕೆ ಔಷಧಿಯೆಂದು ಅವಸರದಿಂದ ಸಾರಿದ್ದು ಮಾತ್ರ ಅವರ ಕೀರ್ತಿಗೆ ದೊಡ್ಡ ಪೆಟ್ಟಾಯಿತು. ಅದು ಗುಣಪಡಿಸಲಿಲ್ಲ, ಕೆಲವು ರೋಗಿಗಳ ಸ್ಥಿತಿ ಬಿಗಡಾಯಿಸಿತು.

1896ರ ಕೊನೆಗೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ನಮ್ಮಲ್ಲಿ ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಅಲ್ಲಿನ ದನಗಳನ್ನೂ ಕಾಡೆಮ್ಮೆಗಳನ್ನೂ ಒಟ್ಟಿಗೆ ಬಲಿ ತೆಗೆದುಕೊಳ್ಳುತ್ತಿತ್ತು. ಅದು ವೈರಸ್ಸಿನ ರೋಗವಾದ್ದರಿಂದ ಅದರ ಕಾರಣ ಅವರ ಸೂಕ್ಷ್ಮದರ್ಶಕಕ್ಕೆ ಸಿಕ್ಕಲಿಲ್ಲ. ಆದರೂ ಸತ್ತ ದನದ ಪಿತ್ತವನ್ನು ಚುಚ್ಚಿ ಉಳಿದ ದನಗಳಿಗೆ ರಕ್ಷಣೆ ಕೊಡುವ ಮಾರ್ಗವನ್ನು ಸೂಚಿಸಿದರು. ಅಲ್ಲಿಂದ 1897ರಲ್ಲಿ ನೇರವಾಗಿ ಬಂದದ್ದು ನಮ್ಮ ಮುಂಬಯಿಗೆ, ಜರ್ಮನ್ ಪ್ಲೇಗು ಆಯೋಗದ ಮುಖ್ಯಸ್ಥರಾಗಿ. ಹಿಂದಿನ ವರ್ಷವೇ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗಿನಿಂದ ನಗರ ತತ್ತರಿಸಿ ಜನ ಊರುಗಳಿಗೆ ಓಡುತ್ತಿದ್ದ ಕಾಲವದು. 1889ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿ ಅನಂತರ ಹಿಮಾಲಯದ ಮುಕ್ತೇಶ್ವರಕ್ಕೆ ವರ್ಗವಾದ ಪಶುರೋಗ ಪ್ರಯೋಗಾಲಯಕ್ಕೂ ಅದೇ ವರ್ಷ ಅವರು ಭೇಟಿಯಿತ್ತರು.

ಇಷ್ಟು ದೊಡ್ಡ ಪಂಡಿತರು 1901ರಲ್ಲಿ ಎಡವಿದ್ದು ದನಗಳ ರೋಗದ ವಿಷಯದಲ್ಲಿಯೇ. ಆ ವರ್ಷ ಲಂಡನ್ನಿನ ಕ್ಷಯ ಸಮ್ಮೇಳನದಲ್ಲಿ ಅವರು ಮನುಷ್ಯರ ಕ್ಷಯವೇ ಬೇರೆ, ದನಗಳ ಕ್ಷಯವೇ ಬೇರೆ ಎಂದರು. ರೋಗಿ ಹಸುವಿನ ಹಾಲಿನಿಂದ ಮನುಷ್ಯರಿಗೆ ಬರುವ ಅಪಾಯ ತೀರ ಅಲ್ಪ, ಅದಕ್ಕಾಗಿ ಕ್ರಮ ಕೈಗೊಳ್ಳುವ ಅಗತ್ಯವಿಲ್ಲವೆಂದೂ ಹೇಳಿದರು. ಮನುಷ್ಯರ ಕ್ಷಯಾಣುಗಳನ್ನು ಕರುಗಳಿಗೆ ಕೊಟ್ಟಾಗ ಅವು ರೋಗಕ್ಕೆ ತುತ್ತಾಗಲಿಲ್ಲವೆಂಬುದು ಅವರ ಆಧಾರ. ಎರಡು ಬಗೆಯ ಅಣುಗಳಿವೆಯೆಂಬುದು ಸರಿಯೇ. ಅಮೆರಿಕದ ಥಿಯೊಬಾಲ್ಡ್ ಸ್ಮಿತ್ 1898ರಲ್ಲಿಯೇ ಅದನ್ನು ತೋರಿಸಿದ್ದರು. ಆದರೆ ಮನುಷ್ಯನ ಅಣು ದನಕ್ಕೆ ತಗಲದೆಂದ ಮಾತ್ರಕ್ಕೆ ದನದ ಅಣು ಮನುಷ್ಯನಿಗೆ ತಗಲದೆಂದು ಹೇಳುವುದು ಹೇಗೆ? ಸಭೆಯಲ್ಲಿದ್ದ ಲಿಸ್ಟರ್ ಅವರೇ ಇದನ್ನು ಒಪ್ಪಲಿಲ್ಲ. ಕಾಯಿಸದ ಹಾಲು ಕುಡಿಯುವ ಆ ದೇಶಗಳಲ್ಲಿ ಗಂಡಮಾಲೆ, ಎಲುಬಿನ ಕ್ಷಯ, ಹೊಟ್ಟೆಯ ಕ್ಷಯಗಳಿಂದ ಮಕ್ಕಳು ನರಳುತ್ತಿದ್ದರು. ಹಾಲನ್ನು ಉಕ್ಕು ಬರುವವರೆಗೆ ಕಾಯಿಸುವ ನಮ್ಮ ಮನೆಗಳ ರೂಢಿ ಎಷ್ಟು ಮಕ್ಕಳನ್ನು ಕಾಪಾಡಿರಬಹುದೆಂದು ಇದನ್ನು ಬರೆಯುವಾಗ ನಮಗೆ ಅನಿಸಿತು.

ಬ್ರಿಟಿಷ್ ಸರಕಾರ ಅದೇ ವರ್ಷ ಆಯೋಗವೊಂದನ್ನು ನೇಮಿಸಿತು. ಕಾಖ್ 1905ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. 1906-07ರಲ್ಲಿ ವಿಕ್ಟೋರಿಯಾ ಸರೋವರದ ಸೆಸೆ ದ್ವೀಪಗಳಲ್ಲಿ ನಿದ್ರಾರೋಗಕ್ಕೆ ಅಟಾಕ್ಸಿಲ್ ಎಂಬ ಪಾಷಾಣದ ಔಷಧಿ ಕೊಟ್ಟಾಗ ಕೆಲವು ಆಫ್ರಿಕನ್ ರೋಗಿಗಳು ಕಣ್ಣು ಕಳೆದುಕೊಂಡರು. ಈ ಸಂಗತಿಯನ್ನು ಮರೆಮಾಚುವುದು ಸಲ್ಲದು. ಹಾಲಿನ ವಿಷಯದಲ್ಲಿ 1908ರ ವಾಷಿಂಗ್ಟನ್ ಸಮ್ಮೇಳನದಲ್ಲಿಯೂ ಅವರು ಪಟ್ಟು ಸಡಿಲಿಸಲಿಲ್ಲ. 1910ರ ಮೇ 27ರಂದು ಬಾಡೆನ್-ಬಾಡೆನ್‌ನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಬರ್ಲಿನ್ನಿನ ಅವರ ಸಂಸ್ಥೆಯಲ್ಲಿಯೇ ಇರಿಸಲಾಗಿದೆ. ಆಯೋಗದ ಅಂತಿಮ ವರದಿ ಹೊರಬಿದ್ದದ್ದು 1911ರಲ್ಲಿ: ದನಗಳ ಕ್ಷಯ ಹಾಲಿನ ಮೂಲಕ ಮನುಷ್ಯರಿಗೆ, ಅದರಲ್ಲಿಯೂ ಮಕ್ಕಳಿಗೆ ತಗಲುವುದು ನಿಜವೆಂದು ಅದು ಸ್ಥಾಪಿಸಿತು.

ರೋಗಿ ಹಸುಗಳನ್ನು ಗುರುತಿಸಲು ಒದಗಿದ್ದು ಕಾಖ್‌ರ ಸೋತ ಔಷಧಿಯಾದ ಟ್ಯೂಬರ್ಕ್ಯುಲಿನ್ನೇ. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1890ರ ದಶಕದಲ್ಲಿಯೇ ಅದನ್ನು ಹಸುಗಳಿಗೆ ಚುಚ್ಚಿ, ಪ್ರತಿಕ್ರಿಯೆ ತೋರಿದವುಗಳನ್ನು ಬೇರ್ಪಡಿಸತೊಡಗಿದ್ದರು. ದಕ್ಷಿಣ ಆಫ್ರಿಕಾದ ಕ್ರೂಗರ್ ಅಭಯಾರಣ್ಯದ ಕಾಡೆಮ್ಮೆಗಳಲ್ಲಿ 1990ರಲ್ಲಿ ದನದ ಕ್ಷಯ ಪತ್ತೆಯಾಯಿತು. ಅವನ್ನು ತಿಂದ ಸಿಂಹಗಳಿಗೂ ಅದು ಹರಡಿತು. ಅಲ್ಲಿ ಪ್ರಜ್ಞೆ ತಪ್ಪಿಸಿ ಹಿಡಿದ ಕಾಡೆಮ್ಮೆಯ ಕತ್ತಿನ ಚರ್ಮದೊಳಕ್ಕೆ ಟ್ಯೂಬರ್ಕ್ಯುಲಿನ್ನಿನ ಶುದ್ಧರೂಪವನ್ನು ಚುಚ್ಚಿ, ಮೂರು ದಿನ ದೊಡ್ಡಿಯಲ್ಲಿರಿಸಿ, ಆ ಜಾಗ ಎಷ್ಟು ಬಾತಿದೆಯೆಂದು ಅಳೆಯುತ್ತಾರೆ.